ಗ್ರ್ಯಾಜುಯೇಷನ್ ವೇದಿಕೆ: ನಿಯಮ ಶಾಲೆಯದು, ಗೌರವ ವಿದ್ಯಾರ್ಥಿಯದು

(ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಪೋಷಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೆ, ತಂದೆತಾಯಂದಿರಿಗೆ ಮತ್ತು ಈ ವರ್ಷ ಹನ್ನೆರಡನೆಯ ತರಗತಿಗೆ ಕಾಲಿಟ್ಟಿರುವ ಮಕ್ಕಳಿಗೆ ನಮಸ್ಕಾರ.

ಅಮೆರಿಕದ ಹೈಸ್ಕೂಲುಗಳಲ್ಲಿ ಮೇ ತಿಂಗಳಿಂದ ಜೂನ್ ಕೊನೆಯವರೆಗೆ ನಡೆಯುವ ಗ್ರ್ಯಾಜುಯೇಷನ್ ಸಮಾರಂಭವನ್ನು ನಾವು ಸಂತೋಷದ ದಿನವೆಂದು ಬಲ್ಲೆವೇ ಹೊರತು, ಅದರ ಹಿಂದಿರುವ ನಿಯಮಗಳ ಕಡೆಗೆ ಗಮನ ಕೊಡುವುದು ಕಡಿಮೆ. ಮಕ್ಕಳು ಗೌನು ತೊಟ್ಟು ಸಾಲಾಗಿ ಬರುತ್ತಾರೆ, ಒಬ್ಬೊಬ್ಬರ ಹೆಸರನ್ನೂ ಓದುತ್ತಾರೆ, ಪ್ರಿನ್ಸಿಪಾಲರು ಕೈಕುಲುಕಿ ಡಿಪ್ಲೊಮಾ, ಅಂದರೆ ಹೈಸ್ಕೂಲು ಮುಗಿಸಿದ ಪ್ರಮಾಣಪತ್ರ, ಕೊಡುತ್ತಾರೆ, ಟೋಪಿಯ ಕುಚ್ಚು ಬಲದಿಂದ ಎಡಕ್ಕೆ ಸರಿಯುತ್ತದೆ. ಹೆಚ್ಚೆಂದರೆ ಎರಡು ಗಂಟೆಯ ಕಾರ್ಯಕ್ರಮ. ಆದರೆ ಅಲ್ಲಿ ಯಾರು ವೇದಿಕೆ ಹತ್ತಬಹುದು, ಏನು ಧರಿಸಬಹುದು, ಯಾರು ಮಾತನಾಡಬಹುದು, ಯಾರ ಕೊರಳಿಗೆ ಯಾವ ಬಣ್ಣದ ಹುರಿ ಬೀಳಬೇಕು, ಕುಟುಂಬದವರು ಎಷ್ಟು ಜೋರಾಗಿ ಚಪ್ಪಾಳೆ ತಟ್ಟಬಹುದು ಎಂಬುದಕ್ಕೆಲ್ಲ ಶಾಲೆಗಳು ನಿಯಮ ಮಾಡಿವೆ. ಆ ನಿಯಮಗಳ ಮೇಲೆ ವ್ಯಾಜ್ಯಗಳಾಗಿವೆ. ಒಂದು ವ್ಯಾಜ್ಯವಂತೂ ದೇಶದ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಸಮಾರಂಭವನ್ನು ಕ್ರಮವಾಗಿ ನಡೆಸುವ ಅಧಿಕಾರ ಶಾಲೆಗೆ ಇರಲೇಬೇಕು. ಆದರೆ ಅಲ್ಲಿ ಸಲ್ಲುವ ಗೌರವ ವಿದ್ಯಾರ್ಥಿ ದುಡಿದು ಗಳಿಸಿದ್ದು, ಶಾಲೆ ಮೆಚ್ಚಿ ಕೊಡುವ ಉಡುಗೊರೆಯಲ್ಲ. ಈ ಭೇದವನ್ನು ಮರೆತ ಕಡೆಯಲ್ಲೆಲ್ಲ ನಿಯಮಗಳು ಮಕ್ಕಳನ್ನು ನೋಯಿಸಿವೆ ಎಂಬುದೇ ಇಂದು ನಾನು ನಿಮ್ಮ ಮುಂದಿಡಬೇಕೆಂದಿರುವ ವಿಚಾರ.

ನಮ್ಮಲ್ಲಿ ಬಹುತೇಕರು ಬೆಳೆದದ್ದು ಬೇರೊಂದು ಪದ್ಧತಿಯಲ್ಲಿ. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಮಕ್ಕಳಿಗೆ ಬೀಳ್ಕೊಡುಗೆ ನಡೆಯುವುದು ಪರೀಕ್ಷೆಗೆ ಮೊದಲು. ಆಗ ಯಾರು ಪಾಸು, ಯಾರು ಫೇಲು ಎಂಬುದು ಯಾರಿಗೂ ತಿಳಿದಿರುವುದಿಲ್ಲ. ಫಲಿತಾಂಶ ಬಂದ ಮೇಲೆ ಅಂಕಪಟ್ಟಿಯನ್ನು ಶಾಲೆಯ ಆಫೀಸಿನಲ್ಲಿ ಸಹಿ ಹಾಕಿ ಪಡೆದುಕೊಂಡರೆ ಮುಗಿಯಿತು. ಅನಂತರ ನಡೆಯುವ ಪ್ರತಿಭಾ ಪುರಸ್ಕಾರಗಳಲ್ಲಿ ಸಮುದಾಯದ ಸಂಘಗಳು, ಸಹಕಾರಿ ಬ್ಯಾಂಕುಗಳು ಶಾಲು ಹೊದಿಸಿ, ಫಲಕ ಕೊಟ್ಟು ಸನ್ಮಾನಿಸುವುದು ಹೆಚ್ಚು ಅಂಕ ಪಡೆದವರನ್ನು ಮಾತ್ರ. ಮನೆಯ ಕಷ್ಟದ ನಡುವೆ ಓದಿ ಮೂರನೆಯ ದರ್ಜೆಯಲ್ಲಿ ತೇರ್ಗಡೆಯಾದ ಹುಡುಗನ ಹೆಸರನ್ನು ಯಾವ ವೇದಿಕೆಯಲ್ಲೂ ಯಾರೂ ಓದುವುದಿಲ್ಲ. ಅಮೆರಿಕದ ಹೈಸ್ಕೂಲಿನ ಸಮಾರಂಭದಲ್ಲಿ ಐದುನೂರು ಮಕ್ಕಳಿದ್ದರೆ ಐದುನೂರು ಹೆಸರುಗಳನ್ನೂ ಓದುತ್ತಾರೆ. ಈ ಪದ್ಧತಿಯಲ್ಲಿ ನಾನು ಅತ್ಯಂತ ಗೌರವಿಸುವ ಅಂಶ ಇದು. ಮುಂದೆ ಹೇಳುವ ಟೀಕೆಗಳೆಲ್ಲ ಈ ಗೌರವದ ಮೇಲೆಯೇ ನಿಂತಿವೆ.

ಪೋಷಕರು ಮೊದಲು ತಿಳಿಯಬೇಕಾದದ್ದು, ಡಿಪ್ಲೊಮಾ ಬೇರೆ, ಸಮಾರಂಭ ಬೇರೆ ಎಂಬುದನ್ನು. 1975ರ ಗಾಸ್ ವಿರುದ್ಧ ಲೋಪೆಜ್ ಪ್ರಕರಣದಲ್ಲಿ, ಓಹಾಯೊ ರಾಜ್ಯದ ಕೊಲಂಬಸ್ ನಗರದ ವಿದ್ಯಾರ್ಥಿಗಳನ್ನು ವಿಚಾರಣೆಯಿಲ್ಲದೆ 10 ದಿನಗಳವರೆಗೆ ಶಾಲೆಯಿಂದ ಹೊರಗಿಟ್ಟದ್ದನ್ನು ಪರಿಶೀಲಿಸಿದ ಸುಪ್ರೀಂ ಕೋರ್ಟ್, ರಾಜ್ಯದ ಕಾನೂನು ಒಮ್ಮೆ ಕೊಟ್ಟ ಶಿಕ್ಷಣದ ಹಕ್ಕು ವಿದ್ಯಾರ್ಥಿಯ ಸ್ವತ್ತಿಗೆ ಸಮಾನವೆಂದೂ ಅವರ ಮಾತನ್ನು ಕೇಳದೆ ಅದನ್ನು ಕಸಿಯಲಾಗದೆಂದೂ ತೀರ್ಪಿತ್ತಿತು. ಆದರೆ ವೇದಿಕೆ ಹತ್ತುವ ವಿಷಯ ಬಂದಾಗ ಕೆಳಗಿನ ನ್ಯಾಯಾಲಯಗಳು ಸಾಮಾನ್ಯವಾಗಿ ಅದನ್ನು ಹಕ್ಕೆಂದು ಒಪ್ಪಿಲ್ಲ. ಅದು ಶಾಲೆ ಕೊಡುವ ಅವಕಾಶ, ಶಿಸ್ತಿನ ಕಾರಣಕ್ಕೆ ಹಿಂತೆಗೆದುಕೊಳ್ಳಬಹುದಾದದ್ದು ಎಂದಿವೆ. ಹೀಗಾಗಿ ತಾಲೀಮಿಗೆ ಬಾರದವರನ್ನು, ವರ್ಷದ ಕೊನೆಯಲ್ಲಿ ಕಿಡಿಗೇಡಿತನ ಮಾಡಿ ಶಾಲೆಯ ಆಸ್ತಿಗೆ ಹಾನಿ ಮಾಡಿದವರನ್ನು ಸಮಾರಂಭದಿಂದ ದೂರವಿಟ್ಟು, ಡಿಪ್ಲೊಮಾವನ್ನು ಮಾತ್ರ ಆಫೀಸಿನಲ್ಲಿ ಕೊಡುವ ಶಾಲೆಗಳಿವೆ. ಕಾನೂನಿನ ದೃಷ್ಟಿಯಿಂದ ಇದು ಸರಿಯಿರಬಹುದು. ಆದರೂ ಹದಿನೇಳು ಹದಿನೆಂಟು ವರ್ಷದ ಮಗುವಿಗೂ ಅದರ ಅಜ್ಜ ಅಜ್ಜಿಯರಿಗೂ ಆ ಕಾಗದಕ್ಕಿಂತ ಆ ನಡಿಗೆಯೇ ದೊಡ್ಡದಾಗಿರುವುದರಿಂದ, ಇಂಥ ಶಿಕ್ಷೆಯನ್ನು ಕೊಡುವ ಮುನ್ನ ಶಾಲೆ ಬಹಳ ಯೋಚಿಸಬೇಕು.

ಡಿಪ್ಲೊಮಾದ ಶರತ್ತುಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮುಗಿಸಿದ ವಿಷಯಗಳನ್ನು ಕ್ರೆಡಿಟ್ ಎಂಬ ಲೆಕ್ಕದಲ್ಲಿ ಎಣಿಸುತ್ತಾರೆ. ಟೆಕ್ಸಸ್ಸಿನಲ್ಲಿ ಮೂಲ ಯೋಜನೆಗೆ 22 ಕ್ರೆಡಿಟ್‌ಗಳು, ವಿಶೇಷ ಒಲವಿನ ವಿಭಾಗವೊಂದನ್ನು ಸೇರಿಸಿಕೊಂಡರೆ 26. ಮೇರಿಲ್ಯಾಂಡಿನಲ್ಲಿ ಓದಿನ ಜೊತೆಗೆ 75 ಗಂಟೆಗಳ ಸಮಾಜಸೇವೆ ಕಡ್ಡಾಯ. ಕ್ಯಾಲಿಫೋರ್ನಿಯಾ ಅಮೆರಿಕದ ಇತಿಹಾಸ, ಒಂದು ಸೆಮಿಸ್ಟರಿನ ಸರ್ಕಾರ ವ್ಯವಸ್ಥೆ, ಇನ್ನೊಂದು ಸೆಮಿಸ್ಟರಿನ ಅರ್ಥಶಾಸ್ತ್ರ, ಜೊತೆಗೆ ಎರಡು ವರ್ಷದ ದೈಹಿಕ ಶಿಕ್ಷಣವನ್ನು ಕೇಳುತ್ತದೆ. ಇದರ ಮೇಲೆ ಆಯಾ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ, ತನ್ನ ಶರತ್ತುಗಳನ್ನು ಸೇರಿಸುತ್ತದೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಹತ್ತನೆಯ ತರಗತಿ ಮುಗಿಸಿ, ತಂದೆ ಅಥವಾ ತಾಯಿಯ ಕೆಲಸದ ನಿಮಿತ್ತ ಇಲ್ಲಿಗೆ ಬಂದು ಹನ್ನೊಂದಕ್ಕೆ ಸೇರುವ ಮಕ್ಕಳು ಸಾಮಾನ್ಯವಾಗಿ ಎಡವುವುದು ಗಣಿತದಲ್ಲೋ ವಿಜ್ಞಾನದಲ್ಲೋ ಅಲ್ಲ, ಈ ಇತಿಹಾಸ ಮತ್ತು ದೈಹಿಕ ಶಿಕ್ಷಣದ ಲೆಕ್ಕದಲ್ಲಿ. ಊರಿನ ಶಾಲೆಯ ಅಂಕಪಟ್ಟಿಗಳನ್ನು ಸೇರುವ ದಿನವೇ ಕೌನ್ಸೆಲರಿಗೆ ಒಪ್ಪಿಸಿ, ಯಾವುದಕ್ಕೆ ಎಷ್ಟು ಕ್ರೆಡಿಟ್ ಸಿಕ್ಕಿತೆಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ.

ಡಿಪ್ಲೊಮಾ ಮತ್ತು ಸಮಾರಂಭಗಳನ್ನು ಬೇರ್ಪಡಿಸಿದ್ದರಿಂದ ಒಳಿತಾದ ಉದಾಹರಣೆಯೂ ಇದೆ. ಅಂಗವೈಕಲ್ಯವುಳ್ಳ ಮಕ್ಕಳ ಶಿಕ್ಷಣಕ್ಕೆ ಸಂಬಂಧಿಸಿದ ಇಲ್ಲಿನ ಕೇಂದ್ರ ಕಾನೂನಿನ ಪ್ರಕಾರ, ಅಂಥ ಮಕ್ಕಳಿಗೆ 21 ಅಥವಾ 22ನೆಯ ವಯಸ್ಸಿನವರೆಗೆ ಶಾಲೆಯಿಂದ ವಿಶೇಷ ಸೇವೆಗಳು ಸಿಗಬಹುದು. ಆದರೆ ಸಾಮಾನ್ಯ ಡಿಪ್ಲೊಮಾ ಕೈಗೆ ಬಂದ ದಿನವೇ ಆ ಹಕ್ಕು ಮುಗಿಯುತ್ತದೆ. ಆದ್ದರಿಂದ ಅನೇಕ ಕುಟುಂಬಗಳು ಡಿಪ್ಲೊಮಾವನ್ನು ಮುಂದೂಡುತ್ತವೆ. ಹಿಂದೆ ಇದರ ಫಲವೇನಾಗುತ್ತಿತ್ತೆಂದರೆ, ಕಿಂಡರ್‌ಗಾರ್ಟನ್‌ನಿಂದ ಜೊತೆಯಲ್ಲಿ ಬೆಳೆದ ಗೆಳೆಯರೆಲ್ಲ ವೇದಿಕೆಯ ಮೇಲಿರುವಾಗ ಈ ಮಗು ಪ್ರೇಕ್ಷಕರ ಸಾಲಿನಲ್ಲಿ ಕೂರುತ್ತಿತ್ತು, ಅಥವಾ ಮೂರು ನಾಲ್ಕು ವರ್ಷಗಳ ನಂತರ ಗುರುತಿಲ್ಲದ ಮಕ್ಕಳ ನಡುವೆ ನಡೆಯುತ್ತಿತ್ತು. ಇಲಿನಾಯ್, ಟೆಕ್ಸಸ್ ಮೊದಲಾದ ರಾಜ್ಯಗಳು ಕಾನೂನು ಮಾಡಿ, ಇಂಥ ವಿದ್ಯಾರ್ಥಿಗಳು ನಾಲ್ಕು ವರ್ಷ ಹೈಸ್ಕೂಲು ಮುಗಿಸಿದಾಗ ತಮ್ಮ ಓರಗೆಯವರೊಂದಿಗೇ ಸಮಾರಂಭದಲ್ಲಿ ಪಾಲ್ಗೊಳ್ಳಬಹುದು, ಅದರಿಂದ ಮುಂದಿನ ಸೇವೆಗಳಿಗೆ ಚ್ಯುತಿಯಿಲ್ಲ ಎಂದು ಖಚಿತಪಡಿಸಿದವು. ಗ್ರ್ಯಾಜುಯೇಷನ್ ಕುರಿತು ಬಂದ ಕಾನೂನುಗಳಲ್ಲಿ ಇಷ್ಟು ಮಾನವೀಯವಾದದ್ದು ಇನ್ನೊಂದಿಲ್ಲ ಎಂದು ನನಗೆ ಅನ್ನಿಸುತ್ತದೆ. ವಿಶೇಷ ಅಗತ್ಯಗಳಿರುವ ಮಕ್ಕಳ ಪೋಷಕರು ನಮ್ಮ ನಡುವೆಯೂ ಇದ್ದಾರೆ. ಅವರು ಒಂಬತ್ತನೆಯ ತರಗತಿಯ ಯೋಜನಾ ಸಭೆಯಲ್ಲೇ ಈ ವಿಷಯವನ್ನು ಎತ್ತಬೇಕು.

ಇನ್ನು ಉಡುಪಿನ ವಿಚಾರ. ಹೆಚ್ಚಿನ ಜಗಳಗಳೆಲ್ಲ ಇಲ್ಲಿಯೇ ಹುಟ್ಟಿವೆ.

ಅಮೆರಿಕದ ಕಾಲೇಜುಗಳ ಗೌನು ಮತ್ತು ಟೋಪಿಗೆ ಒಂದು ಸಮಾನ ರೂಪ ಬಂದದ್ದು 1895ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸೇರಿದ ಸಭೆ ಒಪ್ಪಿದ ನಿಯಮಾವಳಿಯಿಂದ. ಅದರ ಹಿಂದೆ ದುಡಿದ ಗಾರ್ಡ್‌ನರ್ ಕಾಟ್ರೆಲ್ ಲಿಯೊನಾರ್ಡ್ ಎಂಬಾತ 1887ರಲ್ಲಿ ವಿಲಿಯಮ್ಸ್ ಕಾಲೇಜಿನ ತನ್ನದೇ ತರಗತಿಗೆ ಗೌನು ವಿನ್ಯಾಸ ಮಾಡಿದವನು. ಕಾಲೇಜುಗಳನ್ನು ನೋಡಿ ಹೈಸ್ಕೂಲುಗಳೂ ಗೌನನ್ನು ತಂದುಕೊಂಡವು. ಒಂದೇ ಬಣ್ಣದ ಗೌನಿನ ಕೆಳಗೆ ಯಾರ ಬಟ್ಟೆ ಬೆಲೆಬಾಳುವುದು, ಯಾರದು ಅಲ್ಲ ಎಂಬುದು ಕಾಣದಂತಾದದ್ದು ನಿಜವಾದ ಲಾಭ. ಆದರೆ ಗೌನಿಗೂ ಹಣ ಬೇಕಲ್ಲ? ಕ್ಯಾಲಿಫೋರ್ನಿಯಾದ ಸಂವಿಧಾನ ಉಚಿತ ಶಾಲೆಯ ಭರವಸೆ ಕೊಟ್ಟಿರುವುದರಿಂದ, ಸಮಾರಂಭದಲ್ಲಿ ಪಾಲ್ಗೊಳ್ಳಲು ಗೌನು ಕಡ್ಡಾಯವೆಂದು ಹೇಳುವ ಸರ್ಕಾರಿ ಶಾಲೆ ಅದನ್ನು ಉಚಿತವಾಗಿಯೇ ಒದಗಿಸಬೇಕು. ರಾಜ್ಯದ ಸುಪ್ರೀಂ ಕೋರ್ಟ್ 1984ರಲ್ಲಿ ಹಾರ್ಟ್‌ಜೆಲ್ ಪ್ರಕರಣದಲ್ಲಿ ಶಾಲಾ ಶುಲ್ಕಗಳ ಬಗ್ಗೆ ಹೇಳಿದ ಮಾತಿನ ಮುಂದುವರಿಕೆ ಇದು. ಮಾರಾಟಗಾರರ ಪಟ್ಟಿಯಲ್ಲಿ ಉಂಗುರ, ಆಮಂತ್ರಣ ಪತ್ರ, ಗೌನು ಎಲ್ಲವನ್ನೂ ಒಟ್ಟಿಗೆ ಕಟ್ಟಿ ಬೆಲೆ ಹಾಕಿರುತ್ತಾರೆ. ಅದರಲ್ಲಿ ಬೇಕಾದದ್ದೆಷ್ಟು ಎಂದು ಕೇಳುವುದಕ್ಕೆ ಯಾರೂ ಸಂಕೋಚಪಡಬೇಕಿಲ್ಲ.

ಒಂದೇ ಬಣ್ಣದ ಗೌನಿನ ಮೇಲೆ ಭೇದವನ್ನು ತೋರುವ ಚಿಹ್ನೆಗಳು ಕ್ರಮೇಣ ಕೂಡಿಕೊಂಡವು. ಹೈಸ್ಕೂಲು ಪ್ರಿನ್ಸಿಪಾಲರ ರಾಷ್ಟ್ರೀಯ ಸಂಘ 1921ರಲ್ಲಿ ಆರಂಭಿಸಿದ ನ್ಯಾಷನಲ್ ಆನರ್ ಸೊಸೈಟಿ ವಿದ್ವತ್ತು, ಸೇವೆ, ನಾಯಕತ್ವ, ಚಾರಿತ್ರ್ಯ ಎಂಬ ನಾಲ್ಕು ಗುಣಗಳನ್ನು ನೋಡಿ ಸದಸ್ಯರನ್ನು ಆರಿಸುತ್ತದೆ. ಅದರ ಸದಸ್ಯರಿಗೆ ಸ್ಟೋಲ್, ಅಂದರೆ ಕೊರಳಿನಿಂದ ಇಳಿಬೀಳುವ ಪಟ್ಟಿ, ಅಥವಾ ಹುರಿ. ಮುಂದೆ ಸಂಗೀತಕ್ಕೊಂದು, ರೋಬೋಟಿಕ್ಸ್‌ಗೊಂದು, ಸ್ವಯಂಸೇವೆಗೊಂದು, ರಕ್ತದಾನ ಶಿಬಿರ ನಡೆಸಿದ್ದಕ್ಕೊಂದು ಎಂದು ಹುರಿಗಳು ಬೆಳೆದು, ಕೆಲವು ಮಕ್ಕಳ ಕೊರಳು ಕಾಣದಷ್ಟಾಗಿದೆ. ಆದ್ದರಿಂದ ಹಲವು ಶಾಲೆಗಳು ತಾವು ಕೊಟ್ಟ ಅಥವಾ ಮೊದಲೇ ಒಪ್ಪಿದ ಚಿಹ್ನೆಗಳಿಗಷ್ಟೇ ಅವಕಾಶ ಎಂದು ಗೆರೆ ಎಳೆದವು. ಆ ಗೆರೆಯನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಅದು ಮೊದಲು ತಗುಲಿದ್ದು ಹುರಿಗಳನ್ನು ಕೊಂಡು ಹಾಕಿಕೊಂಡವರಿಗಲ್ಲ, ಈ ನೆಲದ ಮೂಲ ನಿವಾಸಿಗಳ ಮಕ್ಕಳಿಗೆ.

ಮೂಲ ನಿವಾಸಿ ಸಮುದಾಯಗಳಲ್ಲಿ ಹದ್ದಿನ ಗರಿಯನ್ನು ಹಿರಿಯರು ಬದುಕಿನ ದೊಡ್ಡ ಸಾಧನೆಯ ಸಮಯದಲ್ಲಿ ಹರಸಿ ಕೊಡುತ್ತಾರೆ. ಅದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಹದ್ದುಗಳ ರಕ್ಷಣೆಗೆ 1940ರಿಂದ ಕಾನೂನಿದ್ದು, ಕೇಂದ್ರ ಸರ್ಕಾರ ಮಾನ್ಯ ಮಾಡಿದ ಬುಡಕಟ್ಟುಗಳ ಸದಸ್ಯರು ಧಾರ್ಮಿಕ ಉದ್ದೇಶಕ್ಕಾಗಿ ಮಾತ್ರ ಗರಿಗಳನ್ನು ಹೊಂದಬಹುದು. ಕೊಲರಾಡೊದಲ್ಲಿರುವ ಸರ್ಕಾರಿ ಸಂಗ್ರಹಾಲಯಕ್ಕೆ ಅರ್ಜಿ ಹಾಕಿ ಬಹಳ ಕಾಲ ಕಾದು ಪಡೆಯುವವರೂ ಇದ್ದಾರೆ. ಇಂಥ ಗರಿಯನ್ನು ಟೋಪಿಗೆ ಕಟ್ಟಿಕೊಂಡು ಬಂದ ಮಗುವಿಗೆ, ಟೋಪಿಯನ್ನು ಅಲಂಕರಿಸಬಾರದೆಂಬ ನಿಯಮವಿದೆ, ಆದ್ದರಿಂದ ತೆಗೆ ಎಂದು ಶಾಲೆಗಳು ಹೇಳಿದವು. ಬಣ್ಣದ ಕಾಗದ, ಮಿನುಗು ಪುಡಿ, ತಮಾಷೆಯ ಬರಹಗಳನ್ನು ತಡೆಯಲೆಂದು ಮಾಡಿದ ನಿಯಮ ಪೂಜ್ಯ ವಸ್ತುವಿಗೂ ಅನ್ವಯವಾಯಿತು. 2015ರಲ್ಲಿ ಓಕ್ಲಹೋಮದ ಕೇನಿ ವ್ಯಾಲಿ ಶಾಲೆಯ ವಿದ್ಯಾರ್ಥಿನಿಯೊಬ್ಬಳು ಇದೇ ಕಾರಣಕ್ಕೆ ಕೇಂದ್ರ ನ್ಯಾಯಾಲಯಕ್ಕೆ ಹೋದಾಗ, ನಿಯಮ ಎಲ್ಲರಿಗೂ ಒಂದೇ ಎಂಬ ಶಾಲೆಯ ವಾದವೇ ಗೆದ್ದಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಕ್ಲೋವಿಸ್‌ನಲ್ಲಿ ಹುಡುಗನೊಬ್ಬನ ಪ್ರಕರಣ ರಾಜಿಯಲ್ಲಿ ಮುಗಿದು ಅವನಿಗೆ ಅನುಮತಿ ಸಿಕ್ಕಿತು.

ಅರಿಜೋನದ ಪ್ರಕರಣವನ್ನು ತುಸು ವಿವರವಾಗಿ ಹೇಳಬೇಕು. 2019ರಲ್ಲಿ ಡೈಸಾರ್ಟ್ ಸ್ಕೂಲ್ ಡಿಸ್ಟ್ರಿಕ್ಟಿನ ಶಾಲೆಯೊಂದರಲ್ಲಿ ಮಣಿಕೆಲಸದ ಟೋಪಿಗೆ ಹದ್ದಿನ ಗರಿ ಕಟ್ಟಿಕೊಂಡು ಬಂದ ವಿದ್ಯಾರ್ಥಿನಿಯನ್ನು ಒಳಗೆ ಬಿಡಲಿಲ್ಲ. ಅದೇ ಡಿಸ್ಟ್ರಿಕ್ಟಿನ ಇನ್ನೊಂದು ಶಾಲೆಯಲ್ಲಿ ಮತ್ತೊಬ್ಬ ವಿದ್ಯಾರ್ಥಿ ಸ್ತನ ಕ್ಯಾನ್ಸರ್ ಕುರಿತ ಚಿಹ್ನೆಯನ್ನು ಟೋಪಿಗೆ ಅಂಟಿಸಿಕೊಂಡಿದ್ದರೂ ತಡೆಯಲಿಲ್ಲ. ಈ ಒಂದು ಸಂಗತಿಯ ಆಧಾರದ ಮೇಲೆ, ಕೇಂದ್ರ ನ್ಯಾಯಾಲಯಗಳ ವಲಯಗಳಲ್ಲಿ ಒಂದಾದ ಒಂಬತ್ತನೆಯ ಸರ್ಕಿಟ್‌ನ ಮೇಲ್ಮನವಿ ನ್ಯಾಯಾಲಯ 2022ರಲ್ಲಿ, ನಿಯಮ ಎಲ್ಲರಿಗೂ ಸಮನಾಗಿ ಜಾರಿಯಾಗಿಲ್ಲವೆಂಬ ಅವಳ ದೂರು ವಿಚಾರಣೆಗೆ ಅರ್ಹ ಎಂದು ಹೇಳಿತು. ನಿಯಮ ಎಲ್ಲರಿಗೂ ಒಂದೇ ಎಂದು ಹೇಳುವುದು ಸುಲಭ. ಬಾಗಿಲಲ್ಲಿ ನಿಂತ ಶಿಕ್ಷಕರು ಯಾವ ಚಿಹ್ನೆಯನ್ನು ನೋಡಿ ಮುಗುಳ್ನಗುತ್ತಾರೆ, ಯಾವುದನ್ನು ನೋಡಿ ತಡೆಯುತ್ತಾರೆ ಎಂಬುದರಲ್ಲಿ ಆ ಮಾತಿನ ಸತ್ಯ ಹೊರಬೀಳುತ್ತದೆ.

ನ್ಯಾಯಾಲಯಗಳು ನಿಧಾನವಾದಾಗ ಶಾಸನಸಭೆಗಳು ಮುಂದೆ ಬಂದವು. ಮೊಂಟಾನ 2017ರಲ್ಲಿ, ಸೌತ್ ಡಕೋಟ ಮತ್ತು ಕ್ಯಾಲಿಫೋರ್ನಿಯಾ 2018ರಲ್ಲಿ, ಅರಿಜೋನ 2021ರಲ್ಲಿ, ಸಮಾರಂಭದಲ್ಲಿ ಇಂಥ ಸಾಂಪ್ರದಾಯಿಕ ವಸ್ತುಗಳನ್ನು ಧರಿಸಲು ಅವಕಾಶ ಕೊಡುವ ಕಾನೂನು ಮಾಡಿದವು. ಓಕ್ಲಹೋಮದಲ್ಲಿ 2023ರಲ್ಲಿ ರಾಜ್ಯಪಾಲರು ತಡೆಹಿಡಿದ ಮಸೂದೆಯನ್ನು ಶಾಸಕರು ಆ ತಡೆಯನ್ನು ಮೀರಿ ಜಾರಿಗೆ ತಂದರು. ಕೊಲರಾಡೊ ಅದೇ ವರ್ಷ ಮೂಲ ನಿವಾಸಿಗಳ ಉಡುಪಿಗೆ ರಕ್ಷಣೆ ಕೊಟ್ಟಿತು. ಆದರೆ ಆ ವಸಂತದಲ್ಲೇ ಅಲ್ಲಿಯ ವಿದ್ಯಾರ್ಥಿನಿಯೊಬ್ಬಳು ಅಮೆರಿಕ ಮತ್ತು ಮೆಕ್ಸಿಕೊ ಎರಡೂ ಧ್ವಜಗಳ ಚಿತ್ರವಿದ್ದ ಪಟ್ಟಿಯನ್ನು ಧರಿಸಲು ಕೇಳಿದಾಗ ಶಾಲೆ ನಿರಾಕರಿಸಿತು, ಸಮಾರಂಭದಲ್ಲಿ ಕಾಣುವುದೆಲ್ಲ ಶಾಲೆಯ ಮಾತೇ ಆಗುತ್ತದೆ ಎಂಬ ನೆಲೆಯಲ್ಲಿ ನ್ಯಾಯಾಧೀಶರೂ ಶಾಲೆಯ ಪರವಾಗಿ ನಿಂತರು. ಮರುವರ್ಷ ಆ ರಾಜ್ಯ ಎಲ್ಲ ಸಮುದಾಯಗಳ ಸಾಂಸ್ಕೃತಿಕ ಹಾಗೂ ಧಾರ್ಮಿಕ ವಸ್ತುಗಳಿಗೆ ಅನ್ವಯಿಸುವಂತೆ ಇನ್ನೊಂದು ಕಾನೂನನ್ನು ತಂದಿತು.

ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಎರಡು ಮಾತುಗಳು ನಮಗೆ ಮುಖ್ಯ. ಅದು ಬುಡಕಟ್ಟಿನ ಉಡುಪಿನ ಜೊತೆಗೆ, ಧಾರ್ಮಿಕ ಅಥವಾ ಸಾಂಸ್ಕೃತಿಕ ಮಹತ್ವವುಳ್ಳ ವಸ್ತುಗಳನ್ನೂ ಒಳಗೊಂಡಿದೆ. ಆದ್ದರಿಂದ ನಮ್ಮ ಮಕ್ಕಳಿಗೂ ಅದು ಅನ್ವಯಿಸುತ್ತದೆ. ಆದರೆ ಆ ವಸ್ತು ಗೌನು ಮತ್ತು ಟೋಪಿಯ ಜೊತೆಗೆ ಇರಬೇಕೇ ಹೊರತು ಅವುಗಳ ಬದಲಿಗೆ ಇರಬಾರದು. ಹಳದಿ ಕೆಂಪು ಬಣ್ಣದ ಶಲ್ಯವನ್ನೋ ಅಜ್ಜಿ ಕೊಟ್ಟ ಇಳಕಲ್ ಅಂಚಿನ ಪಟ್ಟಿಯನ್ನೋ ಗೌನಿನ ಮೇಲೆ ಹೊದೆಯಲು ಕೇಳಬಹುದು. ಟೋಪಿಯನ್ನು ಬಿಟ್ಟು ಮೈಸೂರು ಪೇಟ ಸುತ್ತಿಕೊಂಡು ಬರುತ್ತೇನೆಂದರೆ ಈ ಕಾನೂನಿನ ಆಸರೆ ಸಿಗದು. ಸಮಾರಂಭಕ್ಕೆ ಗಂಭೀರವಾದ ಅಡ್ಡಿಯಾಗುವ ವಸ್ತುವನ್ನು ತಡೆಯುವ ಅಧಿಕಾರವೂ ಶಾಲೆಗೆ ಉಳಿದಿದೆ. ಏನಿದ್ದರೂ ಬಾಗಿಲಲ್ಲಿ ವಾದಿಸುವ ಬದಲು ಏಪ್ರಿಲಿನಲ್ಲೇ ಇಮೇಲ್ ಬರೆದು ಅನುಮತಿಯ ಉತ್ತರವನ್ನು ಕೈಯಲ್ಲಿಟ್ಟುಕೊಳ್ಳುವುದು ಮಗುವಿನ ದೃಷ್ಟಿಯಿಂದ ಒಳ್ಳೆಯದು.

ವೇದಿಕೆಯ ಮೇಲಿನ ಮಾತಿಗೂ ಗಡಿಗಳಿವೆ. 1989ರಲ್ಲಿ ರೋಡ್ ಐಲ್ಯಾಂಡಿನ ಪ್ರಾವಿಡೆನ್ಸ್ ನಗರದ ಒಂದು ಮಿಡಲ್ ಸ್ಕೂಲಿನ ಸಮಾರಂಭದಲ್ಲಿ ಪ್ರಿನ್ಸಿಪಾಲರು ಯಹೂದಿ ಧರ್ಮಗುರುವೊಬ್ಬರನ್ನು ಪ್ರಾರ್ಥನೆಗೆ ಕರೆದರು. ಪ್ರಾರ್ಥನೆ ಹೇಗಿರಬೇಕೆಂದು ಸೂಚಿಸುವ ಕಿರುಪುಸ್ತಕವನ್ನೂ ಕೊಟ್ಟರು. ಇದನ್ನು ಆಕ್ಷೇಪಿಸಿದ ಕುಟುಂಬವೂ ಯಹೂದಿ ಕುಟುಂಬವೇ ಎಂಬುದು ಗಮನಾರ್ಹ. ಲೀ ವಿರುದ್ಧ ವೈಸ್‌ಮನ್ ಎಂದು ಹೆಸರಾದ ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ 5–4ರ ಬಹುಮತದಿಂದ, ಸರ್ಕಾರಿ ಶಾಲೆ ಹೀಗೆ ಪ್ರಾರ್ಥನೆ ಏರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಸಮಾರಂಭಕ್ಕೆ ಬರುವುದು ಕಡ್ಡಾಯವಲ್ಲ, ಇಷ್ಟವಿಲ್ಲದವರು ಬಾರದಿರಬಹುದು ಎಂಬ ವಾದವನ್ನು ತೀರ್ಪು ಬರೆದ ನ್ಯಾಯಮೂರ್ತಿ ಆಂಥೊನಿ ಕೆನೆಡಿ ಒಪ್ಪಲಿಲ್ಲ. ಹೈಸ್ಕೂಲು ಗ್ರ್ಯಾಜುಯೇಷನ್ ಬದುಕಿನ ಅತ್ಯಂತ ಮಹತ್ವದ ಸಂದರ್ಭಗಳಲ್ಲಿ ಒಂದೆಂಬುದು ಎಲ್ಲರಿಗೂ ಗೊತ್ತಿದೆ, ಅದನ್ನು ಬಿಟ್ಟುಬಿಡುವ ಸ್ವಾತಂತ್ರ್ಯ ನಿಜವಾದ ಸ್ವಾತಂತ್ರ್ಯವಲ್ಲ ಎಂಬುದು ಅವರ ತರ್ಕದ ಸಾರ. ಹಕ್ಕಲ್ಲವೆಂದು ಕೆಳಗಿನ ನ್ಯಾಯಾಲಯಗಳು ಹೇಳಿದ ಸಮಾರಂಭಕ್ಕೆ ಮಕ್ಕಳ ಬದುಕಿನಲ್ಲಿ ಎಂಥ ತೂಕವಿದೆಯೆಂಬುದನ್ನು ದೇಶದ ಅತ್ಯುನ್ನತ ನ್ಯಾಯಾಲಯವೇ ಗುರುತಿಸಿದ ಮಾತು ಇದು. ಹಿಂದೂ, ಜೈನ, ಮುಸ್ಲಿಂ, ಕ್ರೈಸ್ತ, ಲಿಂಗಾಯತ ಎಂದು ಹಲವು ಶ್ರದ್ಧೆಗಳ ಮನೆಗಳಿಂದ ಬಂದ ನಮ್ಮ ಮಕ್ಕಳೆಲ್ಲ ಆ ಸಭಾಂಗಣದಲ್ಲಿ ಒಂದೇ ನೆಲೆಯಲ್ಲಿ ಕೂರಲು ಸಾಧ್ಯವಾಗಿರುವುದರಲ್ಲಿ ಈ ತೀರ್ಪಿನ ಪಾಲಿದೆ.

ವಿದ್ಯಾರ್ಥಿಯ ಭಾಷಣಕ್ಕೂ ಶಾಲೆಯ ಪರಿಶೀಲನೆ ಇರುತ್ತದೆ. 2006ರಲ್ಲಿ ಕೊಲರಾಡೊದ ಲೂಯಿಸ್-ಪಾಮರ್ ಹೈಸ್ಕೂಲಿನಲ್ಲಿ ಮೊದಲ ಸ್ಥಾನವನ್ನು 15 ಮಂದಿ ಹಂಚಿಕೊಂಡಿದ್ದರಿಂದ ತಲಾ 30 ಸೆಕೆಂಡುಗಳ ಮಾತಿಗೆ ಅವಕಾಶವಿತ್ತು. ಒಬ್ಬ ವಿದ್ಯಾರ್ಥಿನಿ ಮೊದಲೇ ತೋರಿಸಿದ್ದನ್ನು ಬಿಟ್ಟು ತನ್ನ ಧರ್ಮಶ್ರದ್ಧೆಯ ಬಗ್ಗೆ ಮಾತನಾಡಿದಳು. ಕ್ಷಮಾಪಣೆ ಬರೆದುಕೊಡುವವರೆಗೆ ಡಿಪ್ಲೊಮಾ ಕೊಡುವುದಿಲ್ಲವೆಂದು ಪ್ರಿನ್ಸಿಪಾಲರು ಹೇಳಿದರು. ಹತ್ತನೆಯ ಸರ್ಕಿಟ್‌ನ ನ್ಯಾಯಾಲಯ 2009ರಲ್ಲಿ ಶಾಲೆಯ ಪರವಾಗಿ ತೀರ್ಪು ನೀಡಿತು. ಭಾಷಣವನ್ನು ಮೊದಲೇ ನೋಡುವುದು ಸರಿ ಎಂಬುದನ್ನು ನಾನು ಒಪ್ಪುತ್ತೇನೆ. ನಾಲ್ಕು ವರ್ಷದ ಓದಿಗೆ ಸಲ್ಲಬೇಕಾದ ಕಾಗದವನ್ನು 30 ಸೆಕೆಂಡಿನ ಮಾತಿಗೆ ಒತ್ತೆ ಇಟ್ಟುಕೊಂಡದ್ದನ್ನು ಮಾತ್ರ, ನ್ಯಾಯಾಲಯ ಒಪ್ಪಿದರೂ, ನನ್ನ ಮನಸ್ಸು ಒಪ್ಪುವುದಿಲ್ಲ.

ಮೊದಲ ಸ್ಥಾನದ ಮಾತು ಬಂದದ್ದರಿಂದ, ಆ ಸ್ಥಾನ ಪಡೆದವರಿಗೆ ಸಲ್ಲುವ ವ್ಯಾಲಿಡಿಕ್ಟೋರಿಯನ್ ಪಟ್ಟದ ಬಗ್ಗೆ ಹೇಳುತ್ತೇನೆ. ನಮ್ಮ ಮನೆಗಳನ್ನು ಇದು ನೇರವಾಗಿ ಮುಟ್ಟುತ್ತದೆ. ಅನೇಕ ಶಾಲೆಗಳಲ್ಲಿ ಸಾಮಾನ್ಯ ವಿಷಯದಲ್ಲಿ ಎ ಬಂದರೆ 4 ಅಂಕ, ಕಾಲೇಜು ಮಟ್ಟದ ಎಪಿ ವಿಷಯದಲ್ಲಿ ಎ ಬಂದರೆ 5. ಐದು ಎಪಿ ವಿಷಯಗಳಲ್ಲೂ ಎ ಪಡೆದ ಹುಡುಗಿಯ ಸರಾಸರಿ 5. ಅವಳು ಆರನೆಯ ವಿಷಯವಾಗಿ ಆರ್ಕೆಸ್ಟ್ರಾ ತೆಗೆದುಕೊಂಡು ಅದರಲ್ಲೂ ಎ ಪಡೆದರೆ ಸರಾಸರಿ 4.83ಕ್ಕೆ ಇಳಿಯುತ್ತದೆ. ಅಂದರೆ ಹೆಚ್ಚು ಕಲಿತು, ಎಲ್ಲದರಲ್ಲೂ ಅತ್ಯುತ್ತಮ ಶ್ರೇಣಿ ಪಡೆದವಳು, ಪಿಟೀಲನ್ನು ಕೈಬಿಟ್ಟವಳಿಗಿಂತ ಹಿಂದೆ ಬೀಳುತ್ತಾಳೆ. ಹೀಗೆ ಲೆಕ್ಕ ಹಾಕಿ ಮಕ್ಕಳಿಂದ ಸಂಗೀತ, ಚಿತ್ರಕಲೆಗಳನ್ನು ಬಿಡಿಸಿದ ಪೋಷಕರು ನಮ್ಮಲ್ಲೂ ಇದ್ದಾರೆ. 2003ರಲ್ಲಿ ನ್ಯೂಜೆರ್ಸಿಯ ಮೂರ್ಸ್‌ಟೌನ್‌ನಲ್ಲಿ ಈ ಪಟ್ಟವನ್ನು ಹಂಚಬೇಕೇ ಬೇಡವೇ ಎಂಬುದು ಕೇಂದ್ರ ನ್ಯಾಯಾಲಯದವರೆಗೆ ಹೋಯಿತು. ನಾರ್ತ್ ಕ್ಯಾರೊಲಿನದ ವೇಕ್ ಕೌಂಟಿ, ಅಂದರೆ ಕನ್ನಡಿಗರು ಬಹಳಷ್ಟು ನೆಲೆಸಿರುವ ರಾಲಿ, ಕ್ಯಾರಿ ಊರುಗಳ ಡಿಸ್ಟ್ರಿಕ್ಟ್, ಈ ಪಟ್ಟವನ್ನೇ ಕೈಬಿಡುವುದಾಗಿ 2016ರಲ್ಲಿ ನಿರ್ಧರಿಸಿ, 2019ರಿಂದ ಕಾಲೇಜುಗಳಂತೆ ಮೂರು ದರ್ಜೆಯ ಗೌರವಗಳನ್ನು ಜಾರಿಗೆ ತಂದಿತು. ನಿಗದಿತ ಮಟ್ಟ ಮುಟ್ಟಿದ ಎಲ್ಲರಿಗೂ ಆ ಗೌರವ ಸಲ್ಲುತ್ತದೆ. ಇದರ ವಿರುದ್ಧ ಒಂದು ಮಾತನ್ನು ನ್ಯಾಯವಾಗಿ ಹೇಳಲೇಬೇಕು: ಟೆಕ್ಸಸ್ಸಿನಲ್ಲಿ ಶಾಲೆಯ ಅತ್ಯುನ್ನತ ಸ್ಥಾನ ಪಡೆದವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ ಬೋಧನಾ ಶುಲ್ಕ ಮಾಫಿಯಾಗುತ್ತದೆ. ಬಡ ಮನೆಯ ಮಗುವಿಗೆ ಅದು ಬರಿಯ ಪಟ್ಟವಲ್ಲ. ಅಂಥ ಪ್ರಯೋಜನವಿಲ್ಲದ ಕಡೆ ಮೂರನೆಯ ದಶಮಾಂಶ ಸ್ಥಾನದಲ್ಲಿ ಮಕ್ಕಳನ್ನು ಸ್ಪರ್ಧೆಗಿಳಿಸುವ ಪದ್ಧತಿಗಿಂತ ವೇಕ್ ಕೌಂಟಿಯ ದಾರಿಯೇ ಮೇಲೆಂದು ನನ್ನ ಅಭಿಪ್ರಾಯ.

ನಮ್ಮ ಮಕ್ಕಳಲ್ಲಿ ಅನೇಕರು ಅರ್ಹರಾಗಿದ್ದೂ ಕೇಳದೆ ಬಿಡುವ ಒಂದು ಗೌರವವಿದೆ. ಎರಡು ಭಾಷೆಗಳಲ್ಲಿ ಪ್ರೌಢಿಮೆ ತೋರಿದ ವಿದ್ಯಾರ್ಥಿಗಳ ಡಿಪ್ಲೊಮಾದ ಮೇಲೆ ಒತ್ತುವ ದ್ವಿಭಾಷಾ ಮುದ್ರೆಯ ಕಾನೂನನ್ನು ಮೊದಲು ಮಾಡಿದ್ದು ಕ್ಯಾಲಿಫೋರ್ನಿಯಾ, 2011ರಲ್ಲಿ. ಈಗ ಅದು ದೇಶದಲ್ಲೆಲ್ಲ ಹಬ್ಬಿದೆ. ಸ್ಪ್ಯಾನಿಷ್, ಫ್ರೆಂಚ್ ಕಲಿತವರಿಗೆ ಎಪಿ ಪರೀಕ್ಷೆಯ ದಾರಿಯಿದೆ. ಕನ್ನಡಕ್ಕೆ ಎಪಿ ಪರೀಕ್ಷೆ ಇಲ್ಲದಿದ್ದರೂ ಬರವಣಿಗೆ ಮತ್ತು ಮಾತಿನ ಮಟ್ಟವನ್ನು ಅಳೆಯುವ ಮಾನ್ಯ ಪರೀಕ್ಷೆ ಇದೆ. ನಿಮ್ಮ ಡಿಸ್ಟ್ರಿಕ್ಟ್ ಅದನ್ನು ಒಪ್ಪುತ್ತದೆಯೇ ಎಂದು ಹನ್ನೊಂದನೆಯ ತರಗತಿಯಲ್ಲೇ ವಿಚಾರಿಸಬೇಕು, ಏಕೆಂದರೆ ಅರ್ಜಿಯ ಕೊನೆಯ ದಿನಾಂಕಗಳು ಅನೇಕ ಕಡೆ ಚಳಿಗಾಲದಲ್ಲೇ ಮುಗಿದುಹೋಗುತ್ತವೆ. ಮಾತಿನಲ್ಲಿ ನಮ್ಮ ಮಕ್ಕಳು ಗೆಲ್ಲುತ್ತಾರೆ, ತೊಡಕಾಗುವುದು ಬರವಣಿಗೆಯಲ್ಲಿ. ವಾರಾಂತ್ಯದ ಕನ್ನಡ ಕಲಿ ತರಗತಿಗಳು ಒತ್ತಕ್ಷರ, ಕಾಗುಣಿತಗಳಲ್ಲೇ ನಿಲ್ಲದೆ, ದೊಡ್ಡ ಮಕ್ಕಳಿಂದ ಒಂದೊಂದು ಪುಟದ ಪತ್ರ, ಅಭಿಪ್ರಾಯಗಳನ್ನು ಬರೆಯಿಸಿದರೆ ಈ ಮುದ್ರೆ ಅವರಿಗೆ ದೂರದ್ದಲ್ಲ.

ಹೆಸರು ಓದುವ ಕ್ರಮವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ವೇದಿಕೆಯ ಮೆಟ್ಟಿಲ ಬಳಿ ಪ್ರತಿ ವಿದ್ಯಾರ್ಥಿಯ ಕೈಯಲ್ಲೂ ಒಂದು ಚೀಟಿ ಇರುತ್ತದೆ, ಅದರ ಮೇಲೆ ಹೆಸರು, ಅದರ ಕೆಳಗೆ ಅದನ್ನು ಉಚ್ಚರಿಸುವ ಬಗೆಯನ್ನು ಬಿಡಿಸಿ ಬರೆಯಲು ಒಂದು ಗೆರೆ. ಓದುವವರ ಕೈಗೆ ಚೀಟಿ ಸೇರಿ ಹೆಸರು ಮೈಕಿನಲ್ಲಿ ಬರುವುದಕ್ಕೆ ಎರಡು ಮೂರು ಸೆಕೆಂಡು. ನಮ್ಮ ಮಕ್ಕಳು ಆ ಗೆರೆಯನ್ನು ಖಾಲಿ ಬಿಡುತ್ತಾರೆ, ಇಲ್ಲವೇ ನಾಲ್ಕು ವರ್ಷ ಸಹಿಸಿಕೊಂಡ ತಪ್ಪು ಉಚ್ಚಾರವನ್ನೇ ಬರೆದುಕೊಡುತ್ತಾರೆ. ಜ್ಞಾನೇಶನೋ ಹೃಷಿಕೇಶನೋ ಇದ್ದರೆ ಮನೆಯಲ್ಲಿ ಕೂತು, ಇಂಗ್ಲಿಷ್ ಓದುವವರ ಬಾಯಿಗೆ ಹೊಂದುವಂತೆ ಆ ಹೆಸರನ್ನು ಬಿಡಿಸಿ, ತಾಲೀಮಿನ ದಿನ ಓದುವವರ ಎದುರು ಒಮ್ಮೆ ಗಟ್ಟಿಯಾಗಿ ಹೇಳಿ ಬರುವಂತೆ ಮಕ್ಕಳಿಗೆ ತಿಳಿಸಿ. ಇನ್ನೊಂದು ತೊಡಕು ನಮ್ಮ ಇನಿಷಿಯಲ್‌ಗಳದು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದ ಕಾರಣ ವೀಸಾದಲ್ಲಿ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ತಿಳಿಯದು ಎಂಬ ಮೂರು ಅಕ್ಷರ ಕೂತು, ಅದೇ ಶಾಲೆಯ ದಾಖಲೆಗೂ ಇಳಿದು, ಮಗು ಆ ಹೆಸರಿನಲ್ಲೇ ಹಾಜರಿ ಹೇಳುವಂತಾದದ್ದುಂಟು. ಡಿಪ್ಲೊಮಾದ ಮೇಲೆ ಹೆಸರು ಹೇಗೆ ಅಚ್ಚಾಗಬೇಕೆಂದು ಕೇಳುವ ಅರ್ಜಿ ಹಲವು ಶಾಲೆಗಳಲ್ಲಿ ವರ್ಷದ ಆರಂಭದಲ್ಲೇ ಬರುತ್ತದೆ. ಅದನ್ನು ಮಗುವಿಗೆ ಬಿಡದೆ ನೀವೂ ಓದಿ.

ಚಪ್ಪಾಳೆಯ ನಿಯಮವನ್ನು ಬೇಗ ಹೇಳಿ ಮುಗಿಸುತ್ತೇನೆ. ಒಬ್ಬರ ಮನೆಯವರ ಕೂಗಿನಲ್ಲಿ ಮುಂದಿನ ಮಗುವಿನ ಹೆಸರು ಮುಳುಗಿಹೋಗುವುದು ಅನ್ಯಾಯವೇ. ಆದರೆ 2007ರಲ್ಲಿ ಇಲಿನಾಯ್‌ನ ಗೇಲ್ಸ್‌ಬರ್ಗ್‌ನಲ್ಲಿ ಬಂಧುಮಿತ್ರರು ಕೂಗಿದರೆಂದು ಐವರು ವಿದ್ಯಾರ್ಥಿಗಳ ಡಿಪ್ಲೊಮಾವನ್ನೇ ತಡೆಹಿಡಿದು, ಪ್ರತಿಭಟನೆ ಬಂದ ಮೇಲೆ ಕೊಟ್ಟರು. 2015ರಲ್ಲಿ ಮಿಸಿಸಿಪ್ಪಿಯ ಸೆನಟೋಬಿಯದಲ್ಲಿ ಹೀಗೆ ಕೂಗಿದ ಕುಟುಂಬದವರ ಮೇಲೆ ಶಾಂತಿಭಂಗದ ದೂರು ದಾಖಲಾಗಿ, ಕೊನೆಗೆ ಅದನ್ನು ಹಿಂತೆಗೆದುಕೊಂಡರು. ಪ್ರೇಕ್ಷಕರ ತಪ್ಪಿಗೆ ವಿದ್ಯಾರ್ಥಿಯನ್ನು ದಂಡಿಸುವ ನಿಯಮ ಯಾವ ರೂಪದಲ್ಲಿದ್ದರೂ ಸಲ್ಲದು. ಅಂಥ ಒಪ್ಪಂದಪತ್ರಕ್ಕೆ ಸಹಿ ಕೇಳಿದರೆ ಶಾಲಾ ಮಂಡಳಿಯ ಸಭೆಯಲ್ಲಿ ಎದ್ದು ನಿಂತು ಪ್ರಶ್ನಿಸುವ ಹಕ್ಕು ಪ್ರತಿಯೊಬ್ಬ ನಿವಾಸಿಗೂ ಇದೆ.

ಈ ಸಮಾರಂಭ ತಪ್ಪಿಹೋದವರಿಗೆ ಅದರ ಬೆಲೆ ಎಷ್ಟೆಂಬುದಕ್ಕೆ ವರ್ಜೀನಿಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಇತಿಹಾಸವನ್ನು ನೋಡಬೇಕು. ಕಪ್ಪು ಮಕ್ಕಳನ್ನೂ ಬಿಳಿಯ ಮಕ್ಕಳನ್ನೂ ಒಂದೇ ಶಾಲೆಯಲ್ಲಿ ಕೂರಿಸಬೇಕೆಂಬ ಆದೇಶವನ್ನು ಪಾಲಿಸುವ ಬದಲು ಆ ಕೌಂಟಿ 1959ರಿಂದ 1964ರವರೆಗೆ ತನ್ನ ಎಲ್ಲ ಸರ್ಕಾರಿ ಶಾಲೆಗಳನ್ನೂ ಮುಚ್ಚಿಬಿಟ್ಟಿತು. ಬಿಳಿಯ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು. ಕಪ್ಪು ಮಕ್ಕಳಲ್ಲಿ ಕೆಲವರು ದೂರದ ಬಂಧುಗಳ ಮನೆಗೆ ಹೋಗಿ ಓದಿದರು, ಎಷ್ಟೋ ಮಂದಿಗೆ ಓದು ಅಲ್ಲಿಗೇ ನಿಂತಿತು. 2003ರಲ್ಲಿ, ಆ ಹೊತ್ತಿಗೆ ವಯಸ್ಸಾಗಿದ್ದ ಆ ವಿದ್ಯಾರ್ಥಿಗಳಿಗೆ ಕೌಂಟಿ ಗೌರವ ಡಿಪ್ಲೊಮಾಗಳನ್ನು ಕೊಟ್ಟಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಮನೆಮಠ ಬಿಡಿಸಿ ಶಿಬಿರಗಳಿಗೆ ಸಾಗಿಸಿದ್ದರಿಂದ ಓದು ಮುಗಿಸಲಾಗದೆ ಹೋದ ಜಪಾನಿ ಮೂಲದ ಅಮೆರಿಕನ್ನರಿಗೂ ಹೀಗೆ ಹಿಂದಿನ ದಿನಾಂಕದ ಡಿಪ್ಲೊಮಾ ಕೊಡಲು ಕ್ಯಾಲಿಫೋರ್ನಿಯಾದ ಕಾನೂನು ಅವಕಾಶ ಮಾಡಿದೆ. ಆ ವಯಸ್ಸಿನಲ್ಲಿ ಆ ಕಾಗದದಿಂದ ಅವರಿಗೆ ಕೆಲಸ ಸಿಗಬೇಕಿರಲಿಲ್ಲ. ತಮಗೆ ಸಲ್ಲಬೇಕಾದದ್ದನ್ನು ಊರು ಎಲ್ಲರೆದುರು ಒಪ್ಪಿಕೊಂಡಿತೆಂಬುದಕ್ಕಾಗಿ ಅವರು ಅದನ್ನು ಪಡೆದರು.

ಕೊನೆಯದಾಗಿ ನಮ್ಮದೇ ಕನ್ನಡ ಕೂಟಗಳಿಗೆ ಒಂದು ಸಲಹೆ. ಬೇಸಿಗೆಯ ವನಭೋಜನದಲ್ಲೋ ರಾಜ್ಯೋತ್ಸವದಲ್ಲೋ ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳನ್ನು ವೇದಿಕೆಗೆ ಕರೆಯುವ ಒಳ್ಳೆಯ ಪದ್ಧತಿ ಹಲವು ಕೂಟಗಳಲ್ಲಿ ಬೆಳೆದಿದೆ. ಆದರೆ ಅರ್ಜಿಯಲ್ಲಿ ಸರಾಸರಿ ಅಂಕ, ಕಾಲೇಜು ಪ್ರವೇಶ ಪರೀಕ್ಷೆಯಾದ ಎಸ್‌ಎಟಿ ಅಂಕ, ಸೇರುವ ವಿಶ್ವವಿದ್ಯಾಲಯದ ಹೆಸರು ಇವನ್ನೆಲ್ಲ ಕೇಳುತ್ತೇವೆ. ಹೀಗಾಗಿ ಕಮ್ಯುನಿಟಿ ಕಾಲೇಜಿಗೆ ಹೋಗುವ, ಕೆಲಸಕ್ಕೆ ಸೇರುವ, ವಿಶೇಷ ಸೇವೆಗಳಲ್ಲಿ ಮುಂದುವರಿಯುವ ಮಕ್ಕಳ ಮನೆಯವರು ಆ ಅರ್ಜಿಯನ್ನು ತುಂಬುವುದೇ ಇಲ್ಲ. ಊರಿನ ಪ್ರತಿಭಾ ಪುರಸ್ಕಾರದ ಕೊರತೆಯನ್ನು ನಾವು ಸಾಗರದಾಚೆಗೂ ಹೊತ್ತು ತಂದಿದ್ದೇವೆ. ಮುಂದಿನ ವರ್ಷದ ಅರ್ಜಿಯಲ್ಲಿ ಮೂರೇ ಪ್ರಶ್ನೆಗಳಿರಲಿ: ಹೆಸರೇನು, ಅದನ್ನು ಹೇಗೆ ಉಚ್ಚರಿಸಬೇಕು, ಯಾವ ಶಾಲೆ. ಉಳಿದದ್ದನ್ನು ಹೇಳಬೇಕೆನ್ನುವ ಮಕ್ಕಳು ವೇದಿಕೆಯ ಮೇಲೆ ತಾವೇ ಹೇಳಿಕೊಳ್ಳಲಿ.